ಸ್ಪೀಕರಿಗೆ ದುಡ್ಡಿದೆ, ಹಾಡಿಸುವವರಿಗಿಲ್ಲ

ಪೀಣ್ಯ ಎರಡನೇ ಹಂತದ ಯಾವ ಶೆಡ್ಡಿನಲ್ಲಾದರೂ ಯಂತ್ರದ ಮುಂದೆ ನಿಲ್ಲಬೇಕಾದರೆ ಐಟಿಐ ಸರ್ಟಿಫಿಕೇಟು ಕೇಳುತ್ತಾರೆ, ಇಲ್ಲವೇ ಒಬ್ಬ ಮೇಸ್ತ್ರಿಯ ಕೈಕೆಳಗೆ ವರ್ಷಗಟ್ಟಲೆ ಪಳಗಿರಬೇಕು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳು ಎಂಜಿನಿಯರಿಂಗ್ ಮುಗಿಸಿ ಬಂದವರನ್ನೂ ತಿಂಗಳುಗಟ್ಟಲೆ ತರಬೇತಿಗೆ ಕೂರಿಸುತ್ತವೆ. ಇದೇ ಜನ ಭಾನುವಾರ ಬೆಳಿಗ್ಗೆ ದಾಸರಹಳ್ಳಿಯ ಬಾಡಿಗೆ ಹಾಲಿನಲ್ಲೋ ಹೆಬ್ಬಗೋಡಿಯ ಹೊಸ ಚರ್ಚಿನಲ್ಲೋ ಮೈಕು ಹಿಡಿದು ನೂರಿನ್ನೂರು ಜನರ ಆರಾಧನೆ ನಡೆಸುತ್ತಾರೆ. ಅದಕ್ಕೆ ಮಾತ್ರ ಅವರಿಗೆ ಯಾರೂ ಏನನ್ನೂ ಕಲಿಸಿರುವುದಿಲ್ಲ. ಕಂಠ ಚೆನ್ನಾಗಿದ್ದರೆ ಸಾಕು. ಕೀಬೋರ್ಡ್ ನುಡಿಸಲು ಬಂದರಂತೂ ಅವರೇ ನಾಯಕರು.

ಅವರನ್ನು ದೂರುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಶನಿವಾರ ಎರಡನೇ ಪಾಳಿ ಮುಗಿಸಿ, ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದು, ಬೆಳಿಗ್ಗೆ ಏಳಕ್ಕೆ ಚರ್ಚಿನಲ್ಲಿ ವೈರು ಜೋಡಿಸುತ್ತಿರುವ ಹುಡುಗನ ಮೇಲೆ ಯಾವ ಆಕ್ಷೇಪಣೆಯೂ ಇಲ್ಲ. ಆಕ್ಷೇಪಣೆ ಇರುವುದು ಅವನ ಹಿಂದೆ ನಿಲ್ಲಬೇಕಾದ ಸಭೆಯ ಮೇಲೆ. ಗೋಪುರಕ್ಕೆ ಬಣ್ಣ ಹೊಡೆಸಲು, ಎಲ್‌ಇಡಿ ಪರದೆ ಹಾಕಿಸಲು, ಮೂವತ್ತು ಜನ ಕೂರುವ ಹಾಲಿಗೆ ಮುನ್ನೂರು ಜನರ ಸ್ಪೀಕರ್ ತರಲು ನಮ್ಮಲ್ಲಿ ಕಾಣಿಕೆ ಎತ್ತುತ್ತಾರೆ. ಆರಾಧನೆ ನಡೆಸುವವರನ್ನು ತಯಾರು ಮಾಡುವ ಶಾಲೆಗೆಂದು ತಟ್ಟೆ ಹಿಡಿದು ಬಂದವರನ್ನು ನಾನು ಕಂಡಿಲ್ಲ. ಆ ತಟ್ಟೆ ಬರಬೇಕು, ಅದೂ ಕನ್ನಡದಲ್ಲಿ ಕಲಿಸುವ ಶಾಲೆಗಾಗಿ ಬರಬೇಕು ಎಂಬುದು ನನ್ನ ವಾದ.

ಬೆಂಗಳೂರಿಗೆ ಇದು ಹೊಸ ಮಾತೇನಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಆರಾಧನೆಯ ಕುರಿತ ತನ್ನ ಶಾಸನ ಹೊರಡಿಸಿ, ಲ್ಯಾಟಿನ್ನಿನ ಜಾಗದಲ್ಲಿ ಜನರ ನುಡಿಗೆ ಬಾಗಿಲು ತೆರೆಯಿತು. ತೆರೆದ ಬಾಗಿಲಿನಲ್ಲಿ ಹೇಗೆ ಒಳಗೆ ಬರಬೇಕು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅದನ್ನು ಕಲಿಸಲೆಂದೇ 1967ರಲ್ಲಿ ಹಚಿನ್ಸ್ ರಸ್ತೆಯಲ್ಲಿ ಒಂದು ರಾಷ್ಟ್ರೀಯ ಕೇಂದ್ರ ಹುಟ್ಟಿತು. ಬೈಬಲ್, ಧರ್ಮೋಪದೇಶ, ಆರಾಧನೆ ಈ ಮೂರೂ ಅದರ ಹೊಣೆ. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಎಲ್ಲರೂ ಎನ್‌ಬಿಸಿಎಲ್‌ಸಿ ಎನ್ನುತ್ತಾರೆ. ಕಟ್ಟಿದವರು ತಮಿಳುನಾಡಿನ ಗುರು ಡಿ. ಎಸ್. ಅಮಲೋರ್‌ಪವದಾಸ್. ಎರಡು ವರ್ಷ ಕಳೆಯುವಷ್ಟರಲ್ಲಿ, 1969ರ ಏಪ್ರಿಲ್‌ನಲ್ಲಿ, ಭಾರತದ ಪೂಜೆಯಲ್ಲಿ ಮಾಡಿಕೊಳ್ಳಬಹುದಾದ 12 ಮಾರ್ಪಾಡುಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ಚಪ್ಪಲಿ ಹೊರಗೆ ಬಿಡುವುದು, ನೆಲದ ಮೇಲೆ ಕೂರುವುದು, ಮೊಣಕಾಲೂರುವ ಬದಲು ಕೈಮುಗಿದು ಬಾಗುವುದು, ಮೇಣದ ಬತ್ತಿಯ ಜಾಗದಲ್ಲಿ ಎಣ್ಣೆದೀಪ, ಆರತಿ. ಇವತ್ತು ಓದಿದರೆ ಇಷ್ಟಕ್ಕೆ ಅಪ್ಪಣೆ ಬೇಕಿತ್ತೇ ಎನಿಸುತ್ತದೆ. ಆಗ ಇದಕ್ಕಾಗಿ ಮನೆ ಮನೆಯಲ್ಲಿ ಜಗಳವಾಗಿತ್ತು.

ಆ ಜಗಳದ ಕಾರಣ ನಮ್ಮ ವಿಷಯಕ್ಕೆ ಮುಖ್ಯ. ಕೇಂದ್ರಕ್ಕೆ ದೇಶದ ಮೂಲೆಮೂಲೆಯಿಂದ ಗುರುಗಳು, ಕನ್ಯಾಸ್ತ್ರೀಯರು, ಉಪದೇಶಿಗಳು ಬಂದು ಕಲಿತು ಹೋದರು. ರಾಷ್ಟ್ರೀಯ ಸಂಸ್ಥೆ, ಪಾಠ ಬಹುಪಾಲು ಇಂಗ್ಲಿಷಿನಲ್ಲಿ. ಕಲಿತ ಗುರುಗಳು ತಮ್ಮ ಧರ್ಮಕೇಂದ್ರಕ್ಕೆ ಮರಳಿ ಆರತಿ ಎತ್ತಿದಾಗ ಕೆಳಗೆ ಕೂತ ಅಜ್ಜಿಗೆ ಅದರ ತಲೆಬುಡ ತಿಳಿಯಲಿಲ್ಲ. ಇದೇನು, ನಮ್ಮನ್ನು ಹಿಂದೂ ಮಾಡುತ್ತಿದ್ದಾರೆಯೇ ಎಂದು ಕೆಲವರು ಕೇಳಿದರೆ, ಹೊರಗಿನ ಕೆಲವರು ಇವರು ನಮ್ಮ ಆರತಿ ಕದ್ದರು ಎಂದರು. ಅಮಲೋರ್ ಅವರ ದೃಷ್ಟಿಯಲ್ಲಿ ತಪ್ಪಿರಲಿಲ್ಲ, ಎದೆಗಾರಿಕೆಯೂ ಇತ್ತು. 1982ರಲ್ಲಿ ಕೇಂದ್ರ ಬಿಟ್ಟ ಅವರು ಮೈಸೂರಿನಲ್ಲಿ ವಿಶ್ವವಿದ್ಯಾನಿಲಯದ ಪಾಠ, ಚಾಮುಂಡಿ ಬೆಟ್ಟದ ತಪ್ಪಲಿನ ಅಂಜಲಿ ಆಶ್ರಮ ಎಂದು ಕೊನೆಯವರೆಗೆ ಇದೇ ಕೆಲಸದಲ್ಲಿದ್ದರು. ಆದರೆ ಸುಧಾರಣೆ ಮೇಲಿನಿಂದ ಇಳಿಯಿತು. ಗಾಯನ ವೃಂದದ ಹೆಣ್ಣುಮಗಳಿಗೆ, ವಾಚನ ಓದುವ ಮೇಷ್ಟರಿಗೆ, ಪೂಜೆಗೆ ಹೂ ಜೋಡಿಸುವವರಿಗೆ ಅದು ಅವರ ಮಾತಿನಲ್ಲಿ ತಲುಪುವ ಏರ್ಪಾಡು ಸಾಕಷ್ಟಿರಲಿಲ್ಲ. ಆ ಕೇಂದ್ರವನ್ನು ನಾವು ಇನ್ನಷ್ಟು ಬೆಂಬಲಿಸಬೇಕು ಎನ್ನುವಾಗ ಈ ಕೊರತೆಯನ್ನೂ ಸೇರಿಸಿಯೇ ಹೇಳುತ್ತೇನೆ.

ಪ್ರೊಟೆಸ್ಟೆಂಟರ ಕಡೆಯ ಕಥೆ ಇನ್ನೂ ಹಳೆಯದು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಹುಟ್ಟಿತು. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಮೂಲದವರು ಒಂದಾದ ಮೇಲೆ ಒಂದೇ ಮೇಜಿನ ಮುಂದೆ ಯಾವ ಪ್ರಾರ್ಥನೆ ಹೇಳಬೇಕು? 1950ರಲ್ಲಿ ಬಂದ ಅವರ ಪ್ರಭುಭೋಜನದ ಕ್ರಮದಲ್ಲಿ ಸಭಾಪಾಲಕರು ಮೇಜಿನ ಹಿಂದೆ ಜನರಿಗೆ ಮುಖಮಾಡಿ ನಿಂತರು. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಉಳಿದುಬಂದಿದ್ದ, ಅಂಗೈಯಿಂದ ಅಂಗೈಗೆ ಸಮಾಧಾನ ದಾಟಿಸುವ ಪದ್ಧತಿ ಎಲ್ಲರದೂ ಆಯಿತು. ಆ ಪುಟ್ಟ ಪುಸ್ತಕವನ್ನು ಯುರೋಪ್, ಅಮೆರಿಕದ ಸಭೆಗಳು ತರಿಸಿಕೊಂಡು ಓದಿದವು. ಆರಾಧನೆಯಲ್ಲಿ ನಾವು ಸದಾ ಪಡೆದುಕೊಂಡವರೇ ಎಂದು ನಂಬಿರುವವರು ಇದನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಆ ಕ್ರಮ ತಾನಾಗಿ ಉದುರಿದ್ದಲ್ಲ. ಸೆಮಿನರಿಗಳಲ್ಲಿ ಪಾಠ ಮಾಡುತ್ತಿದ್ದವರು, ಗ್ರೀಕ್ ಸಿರಿಯಾಕ್ ಪ್ರಾರ್ಥನೆಗಳನ್ನು ಓದಿದ್ದವರು ಕೂತು ಕಟ್ಟಿದ್ದು. ಓದಿದವರಿಗೆ ಸಂಬಳ ಕೊಟ್ಟವರು ಯಾರೋ ಇದ್ದರು.

ಈಗ ಭಾನುವಾರದ ಹಾಲಿಗೆ ಬರೋಣ. ಗೋಡೆಯ ಮೇಲೆ ಹಾಡು ಮೂಡುತ್ತದೆ. ಮಾತು ಕನ್ನಡದ್ದು, ಅಕ್ಷರ ಇಂಗ್ಲಿಷಿನದು, ಏಕೆಂದರೆ ಕಾನ್ವೆಂಟಿನಲ್ಲಿ ಓದಿದ ಮಕ್ಕಳಿಗೆ ಕನ್ನಡ ಓದಲು ಬಾರದು. ಮಟ್ಟು ತಮಿಳಿನದೋ ಹಿಂದಿಯದೋ ಆಸ್ಟ್ರೇಲಿಯದ ಯಾವುದೋ ದೊಡ್ಡ ಚರ್ಚಿನದೋ ಆಗಿರುತ್ತದೆ. ಯೂಟ್ಯೂಬಿನಲ್ಲಿ ಸಿಕ್ಕಿದ್ದನ್ನು ವಾರದಲ್ಲಿ ಒಂದು ರಾತ್ರಿ ಕೂತು ಅನುವಾದಿಸಿಕೊಂಡಿರುತ್ತಾರೆ. ಹಾಡುವವರ ಬಾಯಿಯನ್ನು ಗಮನಿಸಿ ಕೇಳಿದರೆ ಒಂದು ವಿಷಯ ಕಿವಿಗೆ ಚುಚ್ಚುತ್ತದೆ. ಕನ್ನಡ ಪದದ ಭಾರ ಮೊದಲಲ್ಲಿ, ಅದು ಮುಗಿಯುವುದು ಹಗುರವಾದ ಸ್ವರದಲ್ಲಿ. ಇಂಗ್ಲಿಷ್ ಮಟ್ಟು ಎಷ್ಟೋ ಸಲ ಹಗುರವಾಗಿ ಎತ್ತಿಕೊಂಡು ಸಾಲಿನ ಕೊನೆಯಲ್ಲಿ ಭಾರ ಇಳಿಸುತ್ತದೆ. ಹಾಗಾಗಿ ‘ದೇವರು’ ಎಂಬಲ್ಲಿ ದೀರ್ಘವಾದ ‘ದೇ’ ಚಿಟಿಕೆ ಹೊಡೆಯುವಷ್ಟರಲ್ಲಿ ಹಾರಿಹೋಗುತ್ತದೆ, ‘ರು’ ಮೂರು ಮಾತ್ರೆ ಎಳೆದುಕೊಂಡು ನಿಲ್ಲುತ್ತದೆ. ಹಾಡಿದವರಿಗೆ ಏನೋ ತೊಡಕಿದೆ ಎಂದು ಗೊತ್ತಾಗುತ್ತದೆ, ಏನೆಂದು ಹೇಳಲು ಬರುವುದಿಲ್ಲ. ಲಘು ಗುರು ಎಂಬುದನ್ನು ಹೈಸ್ಕೂಲಿನ ಪರೀಕ್ಷೆಗೆ ಉರು ಹೊಡೆದು ಬಿಟ್ಟವರು ನಾವು. ಹಾಡು ಕಟ್ಟುವಾಗ ಅದು ನೆನಪಿಗೆ ಬರುವುದಿಲ್ಲ.

ಇದನ್ನು ಬಲ್ಲವರು ನಮ್ಮ ಸಭೆಯ ಒಳಗೇ ಇದ್ದರು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಜರ್ಮನ್ ಮಟ್ಟುಗಳಿಗೆ ಕನ್ನಡ ಗೀತೆ ಹೊಂದಿಸುವ ಕೆಲಸ ನಡೆದೇ ಇತ್ತು. ಆ ಬಳಗದ ಫರ್ಡಿನಾಂಡ್ ಕಿಟೆಲ್ 1862ರಲ್ಲಿ ಯೇಸುವಿನ ಜೀವನವನ್ನು ಕನ್ನಡದ್ದೇ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು. 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿದರು. ನಿಘಂಟು ಬಂದದ್ದು ಆಮೇಲೆ, 1894ರಲ್ಲಿ. ಎಲ್ಲರೂ ನಿಘಂಟಿನ ಕಿಟೆಲರಿಗೆ ಹಾರ ಹಾಕುತ್ತೇವೆ, ಛಂದಸ್ಸಿನ ಕಿಟೆಲರನ್ನು ಭಾನುವಾರದ ಹಾಡಿಗೆ ಕರೆಯುವುದಿಲ್ಲ. ಒಬ್ಬ ಜರ್ಮನ್ ಪಾದ್ರಿ ಕನ್ನಡದ ನಡೆಯನ್ನು ಕಲಿತು ಅದರಲ್ಲಿ ಯೇಸುವಿನ ಕಥೆ ಹೇಳಲು ಹೊರಟಿದ್ದರೆ, ಕನ್ನಡದಲ್ಲೇ ಹುಟ್ಟಿದ ನಮಗೆ ಅದು ಕಷ್ಟ ಎನ್ನಲು ನಾಚಿಕೆಯಾಗಬೇಕು.

ನನ್ನ ವಾದಕ್ಕೆ ಮೂರು ಕಡೆಯಿಂದ ವಿರೋಧ ಬರುತ್ತದೆ. ಒಂದು ತೀರಾ ಸುಲಭದ್ದು: ಆರಾಧನೆ ಪವಿತ್ರಾತ್ಮನ ಕೆಲಸ, ಶಾಲೆಯಲ್ಲಿ ಕಲಿತು ಬರುವಂಥದ್ದಲ್ಲ. ಹೊಸ ಸಭೆಗಳಲ್ಲಿ ಇದನ್ನು ಜೋರಾಗಿ ಹೇಳುತ್ತಾರೆ. ಹೇಳುವವರು ತಮ್ಮ ಕೈಯಲ್ಲಿರುವ ಬೈಬಲಿನ ಪೂರ್ವಕಾಲವೃತ್ತಾಂತದ ಮೊದಲ ಪುಸ್ತಕ, 25ನೇ ಅಧ್ಯಾಯ ತೆಗೆದು ನೋಡಲಿ. ದಾವೀದನ ಕಾಲದಲ್ಲಿ ದೇವರ ಆಲಯದ ಗಾನಕ್ಕೆಂದು ತರಬೇತಾದವರ ಲೆಕ್ಕ ಅಲ್ಲಿದೆ, 288 ಮಂದಿ. ಗುರು, ಶಿಷ್ಯ ಎಂಬ ಮಾತೂ ಅಲ್ಲೇ ಇದೆ.

ಎರಡನೆಯದು ನಿಜಕ್ಕೂ ಗಟ್ಟಿಯಾದದ್ದು, ಅದಕ್ಕೆ ನಿಧಾನವಾಗಿ ಉತ್ತರ ಕೊಡಬೇಕು. ಆರಾಧನೆಯ ನವೀಕರಣ ಎಂದರೆ ಆರತಿ, ಸಂಸ್ಕೃತದ ಮಂತ್ರ, ವೀಣೆ, ಅಂದರೆ ಮೇಲುಜಾತಿಯ ಸಂಸ್ಕೃತಿಯನ್ನೇ ‘ಭಾರತೀಯ’ ಎಂದು ಚರ್ಚಿನೊಳಗೆ ತರುವುದಲ್ಲವೇ ಎಂದು ದಲಿತ ಕ್ರೈಸ್ತರು ಕೇಳಿದ ಪ್ರಶ್ನೆ ಅದು. ಇದಕ್ಕೂ ಬೆಂಗಳೂರಿಗೂ ನಂಟಿದೆ. 1981ರಲ್ಲಿ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದಲೇ ದಲಿತ ದೇವಶಾಸ್ತ್ರದ ಚರ್ಚೆ ಬಲ ಪಡೆಯಿತು. ಕರ್ನಾಟಕದ ಸಭೆಗಳಲ್ಲಿ ಬಹಳಷ್ಟು ಜನ ಬಂದದ್ದು ಕೇರಿಗಳಿಂದ. ಅವರ ಅಜ್ಜಂದಿರನ್ನು ಗುಡಿಯೊಳಗೆ ಬಿಡದ ಸಂಸ್ಕೃತಿಯ ದೀಪವನ್ನು ಅವರ ಚರ್ಚಿನಲ್ಲಿ ಬೆಳಗಿ ‘ಇದು ನಿಮ್ಮದು’ ಎಂದರೆ ಅವರಿಗೆ ಸಿಟ್ಟು ಬರುವುದು ಸಹಜ.

ಹಾಗಾದರೆ ತಮಟೆ ತರೋಣವೇ? ಅಷ್ಟು ಸಲೀಸಲ್ಲ. ತಮಟೆ ಬಡಿಯುವುದು ಅವರ ಹಿರಿಯರಿಗೆ ಕಲೆಯಾಗಿರಲಿಲ್ಲ, ಹೇರಿದ ಬಿಟ್ಟಿ ಚಾಕರಿಯಾಗಿತ್ತು. ಸಾವಿಗೂ ಜಾತ್ರೆಗೂ ಕರೆದಾಗ ಹೋಗಲೇಬೇಕಿತ್ತು. ಚರ್ಚಿಗೆ ಬಂದ ಮೇಲೆ ಅದನ್ನು ಕೆಳಗಿಟ್ಟು ಹಾರ್ಮೋನಿಯಂ, ಪಿಟೀಲು, ಗಿಟಾರ್ ಹಿಡಿದದ್ದು ಅವರಿಗೆ ಬಿಡುಗಡೆಯಾಗಿಯೇ ಕಂಡಿತು. ಸೆಮಿನರಿಯ ಮೇಜಿನ ಹಿಂದೆ ಕೂತವರು ‘ಮತ್ತೆ ತಮಟೆ ಹಿಡಿ, ಅದೇ ನಿನ್ನ ಗುರುತು’ ಎಂದರೆ ಅದು ಇನ್ನೊಂದು ಬಗೆಯ ಅಪ್ಪಣೆಯೇ. ಮದುರೆಯ ತಮಿಳುನಾಡು ಥಿಯಾಲಾಜಿಕಲ್ ಸೆಮಿನರಿಯಲ್ಲಿ ಥಿಯೋಫಿಲಸ್ ಅಪ್ಪಾವು ಇದೇ ಕಗ್ಗಂಟನ್ನು ಬಿಡಿಸಲು ವರ್ಷಗಟ್ಟಲೆ ದುಡಿದರು. ಕರ್ನಾಟಕ ಸಂಗೀತದ ಕೀರ್ತನೆಗಳೇ ಮೇಲು ಎಂದಿದ್ದ ತಮಿಳು ಸಭೆಗೆ ಹಳ್ಳಿಯ ಹಾಡಿನ ಮಟ್ಟಿನಲ್ಲಿ ಆರಾಧನಾ ಕ್ರಮವನ್ನೇ ಕಟ್ಟಿಕೊಟ್ಟರು, ಜನರ ಜೊತೆ ಹಾಡುತ್ತ, ತಿದ್ದುತ್ತ. ಅವರು 2005ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರಲ್ಲಿ ಕಲಿತವರು ಆ ಹಾಡುಗಳನ್ನು ಊರೂರಿಗೆ ಒಯ್ದಿದ್ದರು. ಇಲ್ಲಿ ನನಗೆ ಕಾಣುವುದು ಇಷ್ಟು: ಮೇಲುಜಾತಿಯ ರುಚಿ ಹೇರುವ ಶಾಲೆಗೆ ಉತ್ತರ, ಶಾಲೆಯೇ ಬೇಡ ಎನ್ನುವುದಲ್ಲ. ಕೇರಿಯಿಂದ ಬಂದವರೇ ಪಾಠ ಮಾಡುವ, ಯಾವ ವಾದ್ಯ ಬೇಕು ಬೇಡ ಎಂಬುದನ್ನು ಅವರೇ ತೀರ್ಮಾನಿಸುವ ಶಾಲೆ. ಶಾಲೆ ಇಲ್ಲದ ಕಡೆ ತೀರ್ಮಾನ ಯಾರದಾಗುತ್ತದೆ ಎಂಬುದನ್ನು ಆಗಲೇ ನೋಡಿದೆವು, ಯೂಟ್ಯೂಬಿನದು.

ಮೂರನೆಯ ವಿರೋಧ ಭಾಷೆಯದು. ಇಷ್ಟೊಂದು ಭಾಷೆಗಳಿರುವಾಗ ಕನ್ನಡವೇ ಯಾಕೆ? ವೈಟ್‌ಫೀಲ್ಡ್ ಹುಟ್ಟಿದ್ದೇ 1882ರಲ್ಲಿ ಮಹಾರಾಜರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಕೊಟ್ಟ ಜಮೀನಿನಲ್ಲಿ, ಅಲ್ಲಿನ ಹಳೆಯ ಚರ್ಚಿನ ಮಾತು ಇಂಗ್ಲಿಷು. ಟೆಕ್ ಪಾರ್ಕು ಬಂದ ಮೇಲೆ ಮಲಯಾಳ, ತೆಲುಗು, ತಮಿಳು, ಹಿಂದಿ, ಕೊಂಕಣಿ ಎಲ್ಲಕ್ಕೂ ಒಂದೊಂದು ಹೊತ್ತು ಹಂಚಿದ್ದಾರೆ. ಸರಿ, ಹಂಚಲಿ. ಆದರೆ ತಮಿಳಿನ ಹಿಂದೆ ಮದುರೆ ಇದೆ, ಮಲಯಾಳದ ಹಿಂದೆ ಕೊಟ್ಟಾಯಂನ ಸೆಮಿನರಿಗಳಿವೆ, ಇಂಗ್ಲಿಷಿನ ಹಿಂದೆ ಇಡೀ ಲೋಕವಿದೆ. ಕನ್ನಡದಲ್ಲಿ ದೇವಶಾಸ್ತ್ರ ಕಲಿಸುವ, 1847ರ ಬೇರಿನ ಸಂಸ್ಥೆ ಮಂಗಳೂರಿನ ಬಲ್ಮಠದಲ್ಲಿದೆ. ಬೊಮ್ಮಸಂದ್ರದ ಗಾರ್ಮೆಂಟ್ಸ್ ಹೆಣ್ಣುಮಗಳು ರಜೆ ಹಾಕಿ ಅಲ್ಲಿಗೆ ಹೋಗಿ ಕಲಿಯಲಾರಳು. ಇಲ್ಲಿ ಕನ್ನಡ ಆರಾಧನೆಗೆ ಬರುವವರು ಯಾರೆಂದು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಅಪಾರ್ಟ್‌ಮೆಂಟಿನ ಸೆಕ್ಯುರಿಟಿ, ಮನೆಗೆಲಸದವರು, ಯಾದಗಿರಿ ರಾಯಚೂರಿನಿಂದ ಕಟ್ಟಡದ ಕೆಲಸಕ್ಕೆ ಬಂದವರು, ಕೋಲಾರ ಆನೇಕಲ್ಲಿನ ಹಳೆಯ ಮನೆತನಗಳು. ಬೆಂಗಳೂರಿನ ಕಥೋಲಿಕರಲ್ಲಿ ಕನ್ನಡದ ಪೂಜೆಗಾಗಿ ದಶಕಗಳ ಹೋರಾಟವೇ ನಡೆದಿದೆ, ಅದರ ಕಹಿಯೂ ಎಲ್ಲರಿಗೂ ಗೊತ್ತು. ನನ್ನ ಅಭಿಪ್ರಾಯ ಕೇಳಿದರೆ, ಹೋರಾಟದಿಂದ ಪೂಜೆಯ ಹೊತ್ತು ಸಿಕ್ಕಿತು, ಆ ಹೊತ್ತಿನಲ್ಲಿ ನಿಂತು ನಡೆಸುವವರನ್ನು ತಯಾರು ಮಾಡುವ ಕೆಲಸಕ್ಕೆ ಅದರ ಕಾಲು ಭಾಗದ ಶಕ್ತಿಯೂ ಹೋಗಲಿಲ್ಲ.

ಹಳೆಯ ಬೇರುಗಳಿಲ್ಲವೆಂದಲ್ಲ. ಹದಿನೇಳನೇ ಶತಮಾನದ ಮೈಸೂರು ಮಿಷನ್ನಿನ ಜೆಸುಯಿಟರಿಂದ ಹಿಡಿದು ಕನಕಪುರದ ಸೀಮೆಯಲ್ಲಿ ಕನ್ನಡ ಕ್ರೈಸ್ತರಿದ್ದಾರೆ. ಅಲ್ಲಿನ ಹಾರೋಬೆಲೆಯವರು ಶುಭ ಶುಕ್ರವಾರ ಕಪಾಲಬೆಟ್ಟ ಹತ್ತುತ್ತಾರೆ. ಪೀಣ್ಯ ದಾಟಿ ಹೆಸರಘಟ್ಟದ ಕಡೆ ಹೋದರೆ ಸಿಲ್ವೆಪುರದಲ್ಲಿ ಚಿತ್ರಕಲಾವಿದ ಜ್ಯೋತಿ ಸಾಹಿ ನೆಲೆಸಿ ಕಟ್ಟಿದ ಕಲಾ ಆಶ್ರಮ. ವೈಟ್‌ಫೀಲ್ಡಿನಲ್ಲಿ ಎಂ. ಎ. ಥಾಮಸ್ 1963ರಲ್ಲಿ ಆರಂಭಿಸಿದ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರಿನಲ್ಲಿ ತಂಗಲು, ಕೂಡಿ ಕಲಿಯಲು ಜಾಗವಿದೆ. ಹಾಡು, ಚಿತ್ರ, ಜಾಗ, ಪುಸ್ತಕ ಎಲ್ಲ ಸುತ್ತಮುತ್ತ ಬಿದ್ದಿವೆ. ಕೂಡಿಸುವ ಶಾಲೆ ಬೇಕು. ಹೊಸ ಕಟ್ಟಡ ಎಬ್ಬಿಸುವುದಂತೂ ಬೇಡವೇ ಬೇಡ.

ಆ ಶಾಲೆ ನಡೆಯುವ ಬಗೆಗೂ ಮಾದರಿ ಇದೆ. ಅಮೆರಿಕದ ಫ್ಲಾರಿಡಾದಲ್ಲಿ ರಾಬರ್ಟ್ ವೆಬರ್ 1990ರ ದಶಕದ ಕೊನೆಯಲ್ಲಿ ಕಟ್ಟಿದ ಸಂಸ್ಥೆ ಆರಾಧನೆಯೊಂದನ್ನೇ ಕಲಿಸುತ್ತದೆ. ಕಲಿಯುವವರು ತಮ್ಮ ಊರು, ಕೆಲಸ ಬಿಡದೆ ಮನೆಯಲ್ಲೇ ಓದುತ್ತಾರೆ, ಆಗಾಗ ಕೆಲವು ದಿನ ಬಂದು ಕೂಡುತ್ತಾರೆ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಬೆಂಗಳೂರಿನದೇ ಟ್ಯಾಫ್ಟಿ ಎಂಬ ಸಂಸ್ಥೆ 1971ರಿಂದ ಉದ್ಯೋಗದಲ್ಲಿರುವವರಿಗೆ ಹೀಗೆಯೇ ದೇವಶಾಸ್ತ್ರ ಕಲಿಸುತ್ತ ಬಂದಿದೆ. ಪಾಳಿ ಕೆಲಸದವರಿಗೆ ಒಗ್ಗುವುದು ಇದೊಂದೇ ರೀತಿ. ಕಲಿಸಬೇಕಾದದ್ದು ಬರೀ ಹಾಡಲ್ಲ. ಬೊಮ್ಮಸಂದ್ರದ ಬಾಡಿಗೆ ಮನೆಯಲ್ಲಿ ಒಬ್ಬರು ತೀರಿಕೊಂಡರೆ, ಮನೆ ಮಾಲೀಕ ಬೇಗ ಹೆಣ ಎತ್ತಿ ಎಂದು ಬಾಗಿಲಲ್ಲಿ ನಿಂತಿರುತ್ತಾನೆ, ಆಂಬುಲೆನ್ಸು ಯಾದಗಿರಿಗೆ ಹೊರಡಲು ಕಾದಿರುತ್ತದೆ, ಸಭಾಪಾಲಕರು ಇನ್ನೊಂದು ಊರಲ್ಲಿರುತ್ತಾರೆ. ಆ ಹತ್ತು ನಿಮಿಷದಲ್ಲಿ ಯಾವ ಕೀರ್ತನೆ ಓದಬೇಕು, ಎಷ್ಟು ಮಾತಾಡಬೇಕು, ಯಾವಾಗ ಸುಮ್ಮನಿರಬೇಕು ಎಂಬುದು ಗಿಟಾರ್ ಹಿಡಿದ ಹುಡುಗನಿಗೆ ಗೊತ್ತಿರಬೇಕು. ಅದನ್ನು ಯೂಟ್ಯೂಬು ಹೇಳಿಕೊಡುವುದಿಲ್ಲ. ಸ್ಪೀಕರ್ ಎಷ್ಟು ಜೋರಿಡಬೇಕು ಎಂಬುದನ್ನೂ ಕಲಿಸಲಿ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್ ಎಂದು ನಿಯಮವಿದೆ, ಪಕ್ಕದ ಮನೆಯವರ ಮುನಿಸಿನ ಅರ್ಧ ಅಲ್ಲೇ ಕರಗೀತು.

ದುಡ್ಡು ಎಲ್ಲಿಂದ? ಇಷ್ಟು ಕಾಲ ನಮ್ಮ ಸಂಸ್ಥೆಗಳು ಜರ್ಮನಿ, ಸ್ವಿಟ್ಜರ್ಲೆಂಡ್, ಅಮೆರಿಕದ ಕಡೆ ನೋಡಿ ಬದುಕಿದವು. 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆಯ ಕಾನೂನು ಬಿಗಿಯಾಗಿದೆ. ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತದ ಖರ್ಚು ಶೇ. 50ರವರೆಗೆ ಇರಬಹುದಾಗಿದ್ದದ್ದು ಶೇ. 20ಕ್ಕೆ ಇಳಿದಿದೆ. ಪಕ್ಕದಲ್ಲೇ ಸಾವಿರಾರು ಕೋಟಿಯ ಕಂಪನಿಗಳಿದ್ದರೂ ಅವುಗಳ ಸಾಮಾಜಿಕ ಹೊಣೆಯ (ಸಿಎಸ್‌ಆರ್) ಹಣಕ್ಕೆ ಕೈಚಾಚುವಂತಿಲ್ಲ. ಸಿಎಸ್‌ಆರ್ ಕಾನೂನಿನ ಪಟ್ಟಿಯಲ್ಲಿ ಶಿಕ್ಷಣ, ಆರೋಗ್ಯ, ಪರಿಸರ ಇವೆ, ದೇವರ ಆರಾಧನೆ ಇಲ್ಲ, ಇರಬೇಕಾದ್ದೂ ಇಲ್ಲ. ಉಳಿದದ್ದು ನಮ್ಮ ಕಾಣಿಕೆ ತಟ್ಟೆ. ಇದರಿಂದ ನಷ್ಟವಾಯಿತೆಂದು ನನಗೆ ಅನಿಸುವುದಿಲ್ಲ. ಹಣ ಕೊಟ್ಟವರ ರುಚಿ ಪಾಠದೊಳಗೆ ನುಸುಳುವುದು ಹೊಸದಲ್ಲ; ಇಲ್ಲಿಯ ಹಣವಾದರೆ ಇಲ್ಲಿಯ ರುಚಿಯಾದರೂ ನುಸುಳಲಿ.

ಸುಮ್ಮನೆ ಒಂದು ಲೆಕ್ಕ ಹಾಕೋಣ. ಒಬ್ಬರ ಊಟ, ಓಡಾಟ, ಪುಸ್ತಕ, ಮೇಷ್ಟರ ಸಂಬಳದ ಪಾಲು ಎಲ್ಲ ಸೇರಿ ವರ್ಷಕ್ಕೆ ಮೂವತ್ತು ಸಾವಿರ ಎಂದಿಟ್ಟುಕೊಳ್ಳಿ. ಇಪ್ಪತ್ತು ಸಭೆಗಳು ಒಬ್ಬೊಬ್ಬರನ್ನು ಕಳಿಸಿದರೆ ಆರು ಲಕ್ಷ. ಹಬ್ಬಕ್ಕೆ ಪರದೆ, ದೀಪಾಲಂಕಾರ, ಸೌಂಡು ಎಂದು ಒಂದೇ ದೊಡ್ಡ ಚರ್ಚು ಎರಡು ಮೂರು ವರ್ಷದಲ್ಲಿ ಇಷ್ಟು ಖರ್ಚು ಮಾಡಿದ್ದರೆ ಯಾರಿಗೂ ಆಶ್ಚರ್ಯವಾಗದು. ಮೂವತ್ತು ಸಾವಿರ ಹೊರಲಾರದ ಬಾಡಿಗೆ ಹಾಲಿನ ಸಭೆಯ ಪಾಲನ್ನು ಟೆಕ್ ಪಾರ್ಕಿನ ಇಂಗ್ಲಿಷ್ ಆರಾಧನೆಯವರು ಕಟ್ಟಲಿ. ಅವರ ಮನೆಯ ಪಾತ್ರೆ ತೊಳೆಯುವವರೇ ಮಧ್ಯಾಹ್ನದ ಕನ್ನಡ ಆರಾಧನೆಯಲ್ಲಿ ಹಾಡಿಸುವವರು.

ಕೊಡುವವರು ಕೆಲವು ಮಾತು ಕೇಳಿಯೇ ಕೊಡಬೇಕು. ಪಾಠ ಕನ್ನಡದಲ್ಲಿ ನಡೆಯುತ್ತದೆಯೇ? ಕಲಿಯುವವರಲ್ಲಿ ಅರ್ಧದಷ್ಟಾದರೂ ಹೆಂಗಸರಿದ್ದಾರೆಯೇ? ಹಾಡಿಸುವ ಕೆಲಸವನ್ನು ಅವರೇ ಹೊತ್ತಿರುವಾಗ ತರಬೇತಿಗೆ ಮಾತ್ರ ಗುರುಗಳೂ ಗಂಡಸರೂ ಹೋಗುವುದು ಇನ್ನು ಸಾಕು. ಕಲಿಸುವವರಲ್ಲಿ ಕೇರಿಯಿಂದ ಬಂದವರಿದ್ದಾರೆಯೇ? ಕಥೋಲಿಕರು, ಸಿಎಸ್‌ಐನವರು, ಪೆಂಟೆಕೋಸ್ತರು ಒಂದೇ ಬೆಂಚಿನಲ್ಲಿ ಕೂರಲು ಒಪ್ಪಿದ್ದಾರೆಯೇ? ಕಲಿತವರು ವರ್ಷಕ್ಕೆ ನಾಲ್ಕಾದರೂ ಹೊಸ ಕನ್ನಡ ಹಾಡು ತಂದು ಸಭೆಯಲ್ಲಿ ಹಾಡಿಸಿ ತೋರಿಸುತ್ತಾರೆಯೇ? ಇದಕ್ಕೆಲ್ಲ ಉತ್ತರವಿಲ್ಲದ ಶಾಲೆಗೆ ಹೆಸರು ಎಷ್ಟೇ ದೊಡ್ಡದಿರಲಿ, ಒಂದು ರೂಪಾಯಿಯೂ ಬೇಡ. ಉತ್ತರ ಇದ್ದರೆ ಮಾರ್ಚ್ ಲೆಕ್ಕ ಮುಗಿದ ಮೇಲೆ ಕೂರುವ ವಾರ್ಷಿಕ ಸಭೆಯಲ್ಲಿ, ಬಣ್ಣ ಮತ್ತು ವಿದ್ಯುತ್ತಿನ ಸಾಲುಗಳ ಕೆಳಗೆ ಈ ಖರ್ಚಿಗೂ ಒಂದು ಸಾಲು ಬರೆಸಿ, ಅದರ ಮುಂದೆ ಎಷ್ಟು ಎಂದು ಅಲ್ಲೇ ಕೈ ಎತ್ತಿಸಿ.